ಬೂತಾಯಿಯ ನೆಣ, ಮಸ್ಕತ್ತಿನ ಮಾತ್ರೆ

ಮಳೆ ಹಿಂದೆ ಸರಿದ ಮೇಲಿನ ಬೂತಾಯಿಯೇ ಬೇರೆ. ಹೊಟ್ಟೆ ಸೀಳಿದರೆ ಬೆರಳಿಗೆ ನೆಣ ಅಂಟುತ್ತದೆ, ಎರಡು ಸಲ ಸೋಪು ಹಾಕಿದರೂ ಜಿಡ್ಡು ಬಿಡುವುದಿಲ್ಲ, ಬೆಕ್ಕು ಹಿತ್ತಲು ಬಿಟ್ಟು ಕದಲುವುದಿಲ್ಲ. ಮಲ್ಪೆಯ ಹತ್ತಿರದ ಒಂದು ಮನೆಯಲ್ಲಿ, ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ, ಹೀಗೆ ಮೀನು ಕೊಯ್ಯುತ್ತ ಕೂತವರು ಅರವತ್ತೇಳರ ಒಬ್ಬ ನಿವೃತ್ತ ಬ್ಯಾಂಕ್ ನೌಕರರು. ಮೂರು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡವರು. ಎದುರಿಗೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕೂತವಳು ಅವರ ತಂಗಿಯ ಮಗಳು. ಬೆಂಗಳೂರಿನ ಪ್ರಯೋಗಾಲಯವೊಂದರಲ್ಲಿ ಜೀನುಗಳ ಕೆಲಸ. ದಸರಾ ರಜೆಗೆ ಬಂದಿದ್ದಳು. ಇಬ್ಬರ ನಡುವೆ, ಮೀನಿನ ಪಾತ್ರೆಯ ಪಕ್ಕದಲ್ಲಿ, ಮಗ ಮಸ್ಕತ್ತಿನಿಂದ ತಂದುಕೊಟ್ಟ ದೊಡ್ಡದೊಂದು ಡಬ್ಬಿ. ಅದರ ತುಂಬ ಹೊಂಬಣ್ಣದ ಮೀನೆಣ್ಣೆ ಮಾತ್ರೆಗಳು.

"ವಾಟ್ಸಾಪಿನಲ್ಲಿ ಬಂದದ್ದು ಓದಿದೆಯಾ? ಮೀನೆಣ್ಣೆಯೂ ವಿಟಮಿನ್ ಡಿಯೂ ಸೇರಿದರೆ ಜೀನನ್ನೇ ಬದಲಿಸ್ತದಂತೆ. ಅಪ್ಪ, ಅಜ್ಜನಿಂದ ಬಂದ ಹಾರ್ಟಿನ ಕಾಯಿಲೆ ಅಳಿಸಿಹೋಗ್ತದಂತೆ. ಹೌದಾ ಮಾರಾಯ್ತಿ?"

"ಅಳಿಸುವುದಿಲ್ಲ ಮಾವ. ಜೀನು ಇದ್ದ ಹಾಗೆಯೇ ಇರ್ತದೆ. ಅದು ಎಷ್ಟು ಕೆಲಸ ಮಾಡ್ತದೆ ಅನ್ನುವುದು ಬದಲಾಗ್ತದೆ. ಯಕ್ಷಗಾನದ ಚೌಕಿಯಲ್ಲಿ ಇಪ್ಪತ್ತು ವೇಷ ಬಣ್ಣ ಹಚ್ಚಿ ಕೂತಿದ್ದರೂ ರಂಗಕ್ಕೆ ಬರುವುದು ಭಾಗವತರು ಪದ ಎತ್ತಿದವರು ಮಾತ್ರ ಅಲ್ವಾ? ನಿಮ್ಮ ಲಿವರಿನಲ್ಲೂ ಹೃದಯದಲ್ಲೂ ಇರುವ ಜೀನುಗಳು ಒಂದೇ. ಯಾವುದು ಯಾವಾಗ ರಂಗಕ್ಕೆ ಅನ್ನುವುದು ಬೇರೆ ಬೇರೆ. ತಿಂದ ಕೊಬ್ಬು, ಬಿದ್ದ ಬಿಸಿಲು, ಎರಡೂ ಆ ಕರೆಯಲ್ಲಿ ಕೈಯಾಡಿಸ್ತವೆ. ಅಷ್ಟು ನಿಜ."

ಮಾವ ಡಬ್ಬಿಯನ್ನು ಮೊಣಕೈಯಿಂದ ಅವಳ ಕಡೆ ತಳ್ಳಿದರು. ಅವಳು ಅದನ್ನು ತಿರುಗಿಸಿ ಹಿಂಬದಿ ತೋರಿಸಿದಳು. ಎದುರಿಗೆ ಕೊಟ್ಟಿಗೆಯಷ್ಟು ದೊಡ್ಡ ಅಕ್ಷರದಲ್ಲಿ 1000 ಮಿಲಿಗ್ರಾಂ. ಹಿಂದೆ, ಇರುವೆ ಸಾಲಿನಂತೆ, ಇಪಿಎ 180, ಡಿಎಚ್‌ಎ 120.

"ಒಟ್ಟು ಮುನ್ನೂರು," ಎಂದರು ಬ್ಯಾಂಕಿನವರು, ಕನ್ನಡಕ ಏರಿಸದೆಯೇ. "ಉಳಿದ ಏಳುನೂರು?"

"ಮೀನಿನದೇ ಬೇರೆ ಕೊಬ್ಬು. ಹೃದಯದ ಮಾತು ಬರುವುದು ಈ ಎರಡು ಒಮೆಗಾ-3 ಕೊಬ್ಬಿನಾಮ್ಲಗಳಿಗೆ ಮಾತ್ರ. ಅದನ್ನೂ ಮೀನು ತಾನಾಗಿ ಮಾಡಿದ್ದಲ್ಲ, ಸಮುದ್ರದ ಸೂಕ್ಷ್ಮ ಪಾಚಿಯಿಂದ ಬಂದದ್ದು. ಬೂತಾಯಿ ಸುಮ್ಮನೆ ದಾಸ್ತಾನು ಮಾಡ್ತದೆ."

ಅವಳು ಒಳಗೆ ಹೋಗಿ ಎರಡು ಬಟ್ಟಲು ತಂದಳು. ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಟ್ಟದ್ದು. ಒಂದರಲ್ಲಿ ತೆಂಗಿನೆಣ್ಣೆ ಸುಣ್ಣದ ಗಟ್ಟಿಯಂತೆ ಬೆಳ್ಳಗೆ ಕೂತಿತ್ತು. ಇನ್ನೊಂದರಲ್ಲಿ ಕತ್ತರಿಸಿದ ಮಾತ್ರೆಯ ಎಣ್ಣೆ, ಬಟ್ಟಲು ಓರೆ ಮಾಡಿದಾಗ ಹರಿಯಿತು. ಕೊಬ್ಬಿನಾಮ್ಲದ ಸರಪಳಿಯಲ್ಲಿ ಜೋಡಿಬಂಧ ಎಂಬ ತಿರುವುಗಳು ಇದ್ದಷ್ಟೂ ಅಣುಗಳು ಒತ್ತಾಗಿ ಕೂರಲಾರವು. ಇಪಿಎಯಲ್ಲಿ ಅಂಥ ಐದು, ಡಿಎಚ್‌ಎಯಲ್ಲಿ ಆರು. ತಣ್ಣೀರಿನ ಮೀನಿನ ಜೀವಕೋಶದ ಪೊರೆ ಗಡುಸಾಗದೆ ಇರುವುದು ಇದರಿಂದ. ನಾವು ತಿಂದರೆ ಅದೇ ಕೊಬ್ಬು ನಮ್ಮ ಜೀವಕೋಶಗಳ ಪೊರೆಗೂ ಸೇರಿಕೊಳ್ಳುತ್ತದೆ, ಹೃದಯದ ಸ್ನಾಯುವಿನದಕ್ಕೂ.

"ಪೊರೆಗೆ ಸೇರಲಿ. ಜೀನಿಗೆ ಹೇಗೆ ಗೊತ್ತಾಗ್ತದೆ?"

"ಲಿವರಿನಲ್ಲಿ ಪಿಪಿಎಆರ್ ಅಂತ ಒಂದು ಗ್ರಾಹಕ ಪ್ರೋಟೀನು ಉಂಟು. ಈ ಕೊಬ್ಬು ಬಂದು ಅದಕ್ಕೆ ತಾಗಿದರೆ ಅದು ಡಿಎನ್‌ಎ ಮೇಲೆ ಕೂತು ಕೊಬ್ಬು ಸುಡುವ ಜೀನುಗಳನ್ನು ಎಬ್ಬಿಸ್ತದೆ. ಅದೇ ಹೊತ್ತಿಗೆ ಕೊಬ್ಬು ಕಟ್ಟುವ ಜೀನುಗಳಿಗೆ ಅಪ್ಪಣೆ ಕೊಡುವ ಇನ್ನೊಂದು ಪ್ರೋಟೀನು ತಣ್ಣಗಾಗ್ತದೆ. ದಿನಕ್ಕೆ 4 ಗ್ರಾಂ ಒಮೆಗಾ-3 ಕೊಟ್ಟರೆ ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬು ನೂರಕ್ಕೆ ಇಪ್ಪತ್ತರಿಂದ ಮೂವತ್ತರಷ್ಟು ಇಳಿಯುವುದು ಇದರಿಂದಾಗಿ. ಅದರಲ್ಲಿ ಜಗಳವೇ ಇಲ್ಲ."

"4 ಗ್ರಾಂ ಅಂದರೆ ಇದರ ಹದಿಮೂರು ಮಾತ್ರೆ!"

"ಹದಿಮೂರು ನುಂಗಬೇಡಿ. ಡಾಕ್ಟರು ಬರೆದುಕೊಡುವ ಗಟ್ಟಿ ಔಷಧಿ ಬೇರೆಯೇ ಉಂಟು."

ಇಷ್ಟರಲ್ಲಿ ಬೆಕ್ಕಿಗೆ ಒಂದು ತಲೆ ಸಿಕ್ಕಿತು. ಮಾವನಿಗೆ ಮಾತ್ರ ಸಮಾಧಾನವಾಗಲಿಲ್ಲ. ಲಿವರು ಸರಿ, ಟ್ರೈಗ್ಲಿಸರೈಡೂ ಸರಿ. ಜೀನು ಎದ್ದದ್ದನ್ನು ಕಣ್ಣಾರೆ ಕಂಡವರು ಯಾರು ಎಂದು ಪಟ್ಟು ಹಿಡಿದರು.

ಕಂಡವರು ಇದ್ದಾರೆ. ನೆದರ್‌ಲ್ಯಾಂಡ್ಸಿನ ವಾಗೆನಿಂಗನ್‌ನಲ್ಲಿ 111 ಮಂದಿ ವಯಸ್ಸಾದವರ ಮೇಲೆ ಒಂದು ಪ್ರಯೋಗ ನಡೆಯಿತು, ಫಲಿತಾಂಶ 2009ರಲ್ಲಿ ಬಂತು. ಕೆಲವರಿಗೆ 26 ವಾರ ದಿನಕ್ಕೆ 1.8 ಗ್ರಾಂ ಇಪಿಎ ಮತ್ತು ಡಿಎಚ್‌ಎ. ಮೊದಲೂ ಕೊನೆಗೂ ರಕ್ತ ತೆಗೆದು ಬಿಳಿ ರಕ್ತಕಣಗಳಲ್ಲಿ ಜೀನುಗಳ ಕೆಲಸ ಅಳೆದರು. 1040 ಜೀನುಗಳ ಗತಿ ಬದಲಾಗಿತ್ತು. ಉರಿಯೂತಕ್ಕೂ ರಕ್ತನಾಳ ಕಟ್ಟುವುದಕ್ಕೂ ಸಂಬಂಧಪಟ್ಟ ಹಲವು ಇಳಿಮುಖವಾಗಿದ್ದವು.

"ಮತ್ತೆ ಇನ್ನೇನು ಬೇಕು?"

"ಕೇಳಿ. ಹೋಲಿಕೆಗೆ ಇನ್ನೊಂದು ಗುಂಪಿಗೆ ಒಲೀಕ್ ಆಮ್ಲ ಹೆಚ್ಚಿರುವ ಸೂರ್ಯಕಾಂತಿ ಎಣ್ಣೆ ಕೊಟ್ಟಿದ್ದರು. ಅವರಲ್ಲೂ 298 ಜೀನು ಬದಲಾದವು."

ಮಾವ ಚೂರಿ ಕೆಳಗಿಟ್ಟರು. ಮೂವತ್ತೈದು ವರ್ಷ ಲೆಡ್ಜರು ತಿರುವಿದ ಕಣ್ಣು ಅದು. "ಹಾಗಾದರೆ ಜೀನು ಬದಲಾಯಿತು ಅನ್ನುವುದು ದೊಡ್ಡ ಸುದ್ದಿಯೇ ಅಲ್ಲ. ಏನು ತಿಂದರೂ ಒಂದಷ್ಟು ಬದಲಾಗ್ತದೆ. ಖಾತೆಯಲ್ಲಿ ವಹಿವಾಟು ನಡೆದರೆ ಸಾಕಾ, ಕೊನೆಗೆ ಬಾಕಿ ಎಷ್ಟು ಅಂತ ನೋಡಬೇಡವಾ?"

ಈ ಪ್ರಶ್ನೆಯನ್ನು ಎಷ್ಟೋ ಆರೋಗ್ಯ ಅಂಕಣಗಳು ಕೇಳುವುದೇ ಇಲ್ಲ. ಜೀನು ಎಂಬ ಪದ ಬಂದರೆ ಓದುಗ ಕೈಮುಗಿಯುತ್ತಾನೆ ಎಂದು ಬರೆಯುವವರಿಗೆ ಗೊತ್ತು.

"ಬಾಕಿ ಲೆಕ್ಕ ಕೊನೆಗೆ ಹೇಳ್ತೇನೆ," ಎಂದಳು ಹುಡುಗಿ. "ಅದಕ್ಕೆ ಮುಂಚೆ ಡಿ. ನೀವು ಆ ಅರವತ್ತು ಸಾವಿರದ ಪುಡಿ ಇನ್ನೂ ತಗೊಳ್ತಿದ್ದೀರಾ?"

"ವಾರಕ್ಕೊಂದು. ಎಂಟು ವಾರ ಅಂತ ಬರೆದಿದ್ದರು. ಮೆಡಿಕಲ್ಲಿನಲ್ಲಿ ಕೇಳಿದರೆ ಕೊಡ್ತಾನೆ, ಹಾಗೆ... ಐದು ತಿಂಗಳಾಯಿತು."

"ನಾಳೆಯೇ ನಿಲ್ಲಿಸಿ, ಡಾಕ್ಟರಿಗೆ ಹೇಳಿ ಕ್ಯಾಲ್ಸಿಯಂ ನೋಡಿಸಿ. ವಾರಕ್ಕೆ 60,000 ಅಂದರೆ ದಿನಕ್ಕೆ ಎಂಟೂವರೆ ಸಾವಿರ ಯೂನಿಟ್. ನಮ್ಮ ಐಸಿಎಂಆರ್ 2020ರಲ್ಲಿ ಹೇಳಿದ್ದು ದಿನಕ್ಕೆ 600. ಇದು ನೀರಲ್ಲಿ ಕರಗಿ ಮೂತ್ರದಲ್ಲಿ ಹೋಗುವ ವಿಟಮಿನ್ ಅಲ್ಲ, ಕೊಬ್ಬಿನಲ್ಲಿ ಕೂರ್ತದೆ. ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರ್ತದೆ, ಕಿಡ್ನಿಗೆ ಪೆಟ್ಟು."

ಅವರ ಮುಖ ಸ್ವಲ್ಪ ಇಳಿಯಿತು. ಮೂವತ್ತೈದು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕೂತವರು ಅವರು; ಡಿ ಕಡಿಮೆ ಇದ್ದದ್ದು ನಿಜವೇ. ಅವರ ಅಪ್ಪ ಬರಿಮೈಯಲ್ಲಿ ದೋಣಿಯಲ್ಲಿ ನಿಂತಿರುತ್ತಿದ್ದರು. ನೆತ್ತಿಯ ಮೇಲಿನ ಬಿಸಿಲಿನ ಯುವಿ-ಬಿ ಕಿರಣ ತಾಗಿದರೆ ಚರ್ಮವೇ ಡಿ ತಯಾರಿಸುತ್ತದೆ. ಕಿಟಕಿಯ ಗಾಜಿನ ಹಿಂದೆ ಕೂತವರಿಗೆ ಆ ಕಿರಣ ದಕ್ಕುವುದಿಲ್ಲ, ಕಪ್ಪು ಮೈಬಣ್ಣದವರಿಗೆ ಹೆಚ್ಚು ಹೊತ್ತು ಬೇಕು. ಊಟದಲ್ಲಿ ಡಿ ಸಿಗುವ ಜಾಗ ಕಡಿಮೆ, ನೆಣದ ಮೀನು ಅವುಗಳಲ್ಲೊಂದು. ಕಾಡ್ ಮೀನಿನ ಲಿವರಿನ ಎಣ್ಣೆಯಿಂದ ಮಕ್ಕಳ ಸೊಟ್ಟಗಾಲು ನೆಟ್ಟಗಾಗುವುದನ್ನು ಕಂಡೇ ಈ ವಿಟಮಿನ್ ಇದೆಯೆಂದು ತಿಳಿದದ್ದು. 1922ರಲ್ಲಿ ಅಮೆರಿಕದ ಎಲ್ಮರ್ ಮೆಕಾಲಮ್ ಅದನ್ನು ಎ ವಿಟಮಿನ್ನಿನಿಂದ ಬೇರ್ಪಡಿಸಿ ತೋರಿಸಿದರು.

"ಈ ಡಿ ಅನ್ನುವುದು ಹೆಸರಿಗೆ ವಿಟಮಿನ್," ಅವಳು ಮುಂದುವರಿಸಿದಳು. "ನಡತೆಯಲ್ಲಿ ಹಾರ್ಮೋನು. ಲಿವರಿನಲ್ಲಿ ಒಂದು ಸಲ, ಕಿಡ್ನಿಯಲ್ಲಿ ಇನ್ನೊಂದು ಸಲ ರೂಪ ಬದಲಿಸಿಕೊಂಡು, ವಿಡಿಆರ್ ಎಂಬ ತನ್ನದೇ ಗ್ರಾಹಕವನ್ನು ಹಿಡೀತದೆ. ಆಕ್ಸ್‌ಫರ್ಡಿನವರು 2010ರಲ್ಲಿ ಆ ಗ್ರಾಹಕ ಡಿಎನ್‌ಎ ಮೇಲೆ ಎಲ್ಲೆಲ್ಲಿ ಕೂರ್ತದೆ ಅಂತ ಎಣಿಸಿದರು. 2776 ಕಡೆ. ಕೆಲಸ ಬದಲಾದ ಜೀನು 229. ಆದರೆ ವಿಡಿಆರ್ ಒಂಟಿಯಾಗಿ ಏನೂ ಮಾಡಲಾರದು. ಕಂಬಳದಲ್ಲಿ ಒಂಟಿ ಕೋಣ ಓಡ್ತದಾ?"

"ನೊಗಕ್ಕೆ ಜೋಡಿ ಬೇಕು."

"ಇದಕ್ಕೂ ಬೇಕು. ಆರ್‌ಎಕ್ಸ್‌ಆರ್ ಅಂತ ಇನ್ನೊಂದು ಕೋಣ. ಆಗ ಲಿವರಿನಲ್ಲಿ ಹೇಳಿದೆನಲ್ಲ, ಮೀನಿನ ಕೊಬ್ಬು ತಾಗುವ ಪಿಪಿಎಆರ್? ಅದಕ್ಕೂ ಜೋಡಿ ಇದೇ ಆರ್‌ಎಕ್ಸ್‌ಆರ್. ಬಿಸಿಲಿನ ನೊಗಕ್ಕೂ ಮೀನಿನ ನೊಗಕ್ಕೂ ಅದೇ ಕೋಣ. ಸಾಲದ್ದಕ್ಕೆ 2000ದಲ್ಲಿ ಸ್ಟಾಕ್‌ಹೋಮಿನ ಕರೊಲಿನ್‌ಸ್ಕಾದವರು ಇಲಿಯ ಮೆದುಳಿನಲ್ಲಿ ಇನ್ನೊಂದು ಕಂಡರು: ಡಿಎಚ್‌ಎ ನೇರವಾಗಿ ಈ ಆರ್‌ಎಕ್ಸ್‌ಆರ್ ಅನ್ನೇ ಹೋಗಿ ಹಿಡೀತದೆ."

ಮಾವನ ಕಣ್ಣು ಅರಳಿತು. "ಅಂದರೆ ವಾಟ್ಸಾಪಿನವ ಹೇಳಿದ್ದು ಸುಳ್ಳಲ್ಲ! ಎರಡೂ ಸೇರಿದರೆ ಜೋರು!"

"ನಾನೂ ಎಂ.ಎಸ್ಸಿ. ಓದುವಾಗ ಹಾಗೇ ಅಂದುಕೊಂಡಿದ್ದೆ. ಆದರೆ ಎರಡು ಜೋಡಿಯ ಸ್ವಭಾವ ಬೇರೆ. ಪಿಪಿಎಆರ್ ಜೋಡಿಯಲ್ಲಿ ಯಾವ ಕೋಣಕ್ಕೆ ಬಾರುಕೋಲು ತಾಗಿದರೂ ಓಟ ಶುರು. ಡಿಯ ಜೋಡಿ ಹಾಗಲ್ಲ. ಅದು ಬಹುಮಟ್ಟಿಗೆ ಡಿಯ ಮಾತು ಮಾತ್ರ ಕೇಳ್ತದೆ; ಆರ್‌ಎಕ್ಸ್‌ಆರ್ ಬೆನ್ನಿಗೆ ಎಷ್ಟು ಬಡಿದರೂ ಕದಲುವುದು ಕಡಿಮೆ."

ಡಿಗೂ ಹೃದಯಕ್ಕೂ ಏನು ನಂಟು ಎಂಬುದಕ್ಕೆ ಅವಳು ಇಲಿಗಳ ಕಥೆ ಹೇಳಿದಳು. ಶಿಕಾಗೋದಲ್ಲಿ 2002ರಲ್ಲಿ ವಿಡಿಆರ್ ಇಲ್ಲದ ಇಲಿಗಳನ್ನು ಪರೀಕ್ಷಿಸಿದಾಗ ಅವುಗಳ ರೆನಿನ್ ಜೀನು ಲಗಾಮಿಲ್ಲದೆ ಓಡುತ್ತಿತ್ತು. ರೆನಿನ್ ಹೆಚ್ಚಿದರೆ ಆಂಜಿಯೋಟೆನ್ಸಿನ್ ಹೆಚ್ಚುತ್ತದೆ, ರಕ್ತನಾಳ ಬಿಗಿಯುತ್ತದೆ, ಒತ್ತಡ ಏರುತ್ತದೆ, ಹೃದಯದ ಗೋಡೆ ದಪ್ಪವಾಗುತ್ತದೆ. ಮಾವ ದಿನಾ ಬೆಳಿಗ್ಗೆ ನುಂಗುವ ಟೆಲ್ಮಿಸಾರ್ಟಾನ್ ತಡೆಯುವುದು ಇದೇ ಸರಪಳಿಯ ಕೆಳಗಿನ ಕೊಂಡಿಯನ್ನು. ಹೀಗೆ ಕಾಗದದ ಮೇಲೆ ಎಲ್ಲ ಎಷ್ಟು ಚೆನ್ನಾಗಿ ಹೊಂದುತ್ತದೆಂದರೆ, ಇನ್ನು ಮನುಷ್ಯರಿಗೆ ಕೊಟ್ಟು ನೋಡುವುದೊಂದೇ ಬಾಕಿ ಅನ್ನಿಸುತ್ತದೆ.

ಕೊಟ್ಟು ನೋಡಿದರು. ಜೋಆನ್ ಮ್ಯಾನ್ಸನ್ ಮುಂದಾಳತ್ವದಲ್ಲಿ ಅಮೆರಿಕದಲ್ಲಿ ನಡೆದ ವೈಟಲ್ ಪ್ರಯೋಗಕ್ಕೆ ಸೇರಿದವರು 25,871 ಮಂದಿ, ಗಂಡಸರು ಐವತ್ತು, ಹೆಂಗಸರು ಐವತ್ತೈದು ದಾಟಿದವರು, ಹೃದ್ರೋಗ ಇಲ್ಲದವರು. ನಾಲ್ಕು ಪಾಲು ಮಾಡಿದರು: ಡಿ ಮತ್ತು ಮೀನೆಣ್ಣೆ ಎರಡೂ, ಡಿ ಮಾತ್ರ, ಮೀನೆಣ್ಣೆ ಮಾತ್ರ, ಎರಡೂ ಇಲ್ಲ. ಡಿ ದಿನಕ್ಕೆ 2000 ಯೂನಿಟ್; ಮೀನೆಣ್ಣೆ 1 ಗ್ರಾಂ, ಅದರಲ್ಲಿ 840 ಮಿಲಿಗ್ರಾಂ ಅಸಲು. ಐದು ವರ್ಷಕ್ಕೂ ಹೆಚ್ಚು ಕಾದು 2018ರಲ್ಲಿ ಲೆಕ್ಕ ಬಿಚ್ಚಿದರು.

"ಬಾಕಿ?"

"ಹಾರ್ಟ್ ಅಟ್ಯಾಕ್, ಸ್ಟ್ರೋಕ್, ಹೃದಯದ ಸಾವು ಮೂರನ್ನೂ ಕೂಡಿಸಿ ನೋಡಿದರೆ ಡಿಯಿಂದ ಏನೂ ಲಾಭ ಇಲ್ಲ. ಮೀನೆಣ್ಣೆಯಿಂದಲೂ ನಂಬಬಹುದಾದಷ್ಟು ಇಲ್ಲ. ಎರಡೂ ಸೇರಿದರೆ ಜೋರಾಗುವುದೂ ಇಲ್ಲ."

"ಛೆ."

"ಒಂದು ಕಿಂಡಿ ಮಾತ್ರ ಉಳಿಯಿತು. ಹಾರ್ಟ್ ಅಟ್ಯಾಕ್ ಒಂದನ್ನೇ ಬೇರೆಯಾಗಿ ಎಣಿಸಿದರೆ ಮೀನೆಣ್ಣೆಯವರಲ್ಲಿ ನೂರಕ್ಕೆ 28ರಷ್ಟು ಕಡಿಮೆ. ವಾರಕ್ಕೆ ಒಂದೂವರೆ ಸಲಕ್ಕಿಂತ ಕಡಿಮೆ ಮೀನು ತಿನ್ನುವವರಲ್ಲಿ ಒಟ್ಟು ಅವಘಡವೂ 19ರಷ್ಟು ಕಡಿಮೆ. ಮೊದಲೇ ಮೀನು ತಿನ್ನುವವರಿಗೆ ಹಾಗೆ ಕಾಣಲಿಲ್ಲ. ಇವು ಒಳಗಿನ ಲೆಕ್ಕ, ಮುಖ್ಯ ಪ್ರಶ್ನೆಗೆ ಸಿಕ್ಕ ಉತ್ತರ ಅಲ್ಲ. ಗಟ್ಟಿ ಅನ್ನುವ ಹಾಗಿಲ್ಲ."

"ನಾನು ವಾರಕ್ಕೆ ಐದು ದಿನ ತಿನ್ನುವವ."

"ಅದೇ ನಾನು ಹೇಳುವುದು. ತುಂಬಿದ ಕೊಡಕ್ಕೆ ನೀರು ಹೊಯ್ದರೆ ನೆಲ ಒದ್ದೆ. ಡಿಯದ್ದೂ ಸುಮಾರು ಅದೇ. ಆ ಪ್ರಯೋಗದವರ ರಕ್ತದಲ್ಲಿ ಡಿ ಸರಾಸರಿ 30ರ ಹತ್ತಿರ ಇತ್ತು, ನಾವು 20ಕ್ಕಿಂತ ಕೆಳಗೆ ಇಳಿದರೆ ಕೊರತೆ ಅನ್ನುವುದು."

ಹಾಗಾದರೆ ಡಿ ಕಡಿಮೆ ಇದ್ದವರಿಗೆ ಹೃದ್ರೋಗ ಹೆಚ್ಚು ಎಂದು ನೂರೆಂಟು ಕಡೆ ಬರೆದದ್ದು? ಮಾವ ತಾವೇ ಉತ್ತರ ಕಂಡುಕೊಂಡರು. ಅವರ ಓರಗೆಯವರಲ್ಲಿ ಬೆಳಿಗ್ಗೆ ಕಡಲತೀರಕ್ಕೆ ನಡೆಯಲು ಹೋಗುವವರು ಗಟ್ಟಿಮುಟ್ಟು, ಅವರಿಗೇ ಬಿಸಿಲು. ಹಾಸಿಗೆ ಹಿಡಿದವರಿಗೆ ಬಿಸಿಲೂ ಇಲ್ಲ, ಆರೋಗ್ಯವೂ ಇಲ್ಲ. ಬೊಜ್ಜಿನ ಮೈಯಲ್ಲಿ ಡಿ ಕೊಬ್ಬಿನೊಳಗೆ ಅಡಗಿ ಕೂತು ರಕ್ತದಲ್ಲಿ ಕಡಿಮೆ ತೋರುವುದೂ ಉಂಟು. ಕಡಿಮೆ ಡಿ ಕಾಯಿಲೆಯ ಕಾರಣವೋ, ಕಾಯಿಲೆಯ ನೆರಳೋ ಎಂದು ಬಿಡಿಸಲು ನ್ಯೂಜಿಲ್ಯಾಂಡಿನಲ್ಲೂ ಐದು ಸಾವಿರಕ್ಕೂ ಹೆಚ್ಚು ಮಂದಿಗೆ ತಿಂಗಳಿಗೊಮ್ಮೆ ಲಕ್ಷ ಯೂನಿಟ್ ಕೊಟ್ಟು ನೋಡಿದರು. ಹೃದಯಕ್ಕೆ ವ್ಯತ್ಯಾಸ ಕಾಣಲಿಲ್ಲ. ಎಲುಬಿನ ಮಾತು ಬೇರೆ. ಕೊರತೆ ಇದ್ದರೆ ತುಂಬಿಸಲೇಬೇಕು.

ಮೀನೆಣ್ಣೆಯ ಕಥೆ ಇಷ್ಟು ಸಪಾಟಾಗಿಲ್ಲ, ಏರಿಳಿತ ಜಾಸ್ತಿ. ವೇಲ್ಸ್‌ನಲ್ಲಿ 1989ರ ಪ್ರಯೋಗ: ಹಾರ್ಟ್ ಅಟ್ಯಾಕ್‌ನಿಂದ ಚೇತರಿಸಿಕೊಂಡ 2033 ಗಂಡಸರಲ್ಲಿ ಕೆಲವರಿಗೆ ವಾರಕ್ಕೆರಡು ಸಲ ನೆಣದ ಮೀನು ತಿನ್ನಿ ಎಂದರು, ಎರಡು ವರ್ಷದಲ್ಲಿ ಸಾವು ನೂರಕ್ಕೆ 29ರಷ್ಟು ಕಡಿಮೆ. ಅದೇ ತಂಡದವರು ಎದೆನೋವಿನ ಗಂಡಸರ ಮೇಲೆ ಮಾಡಿ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಲಾಭ ಕಾಣಲಿಲ್ಲ. ಹಠಾತ್ ಸಾವು ಹೆಚ್ಚೇ ಆಗಿತ್ತು, ಅದೂ ಮುಖ್ಯವಾಗಿ ಮಾತ್ರೆ ನುಂಗಿದವರಲ್ಲಿ. ಇಟಲಿಯಲ್ಲಿ 1999ರಲ್ಲಿ 11,324 ರೋಗಿಗಳ ಪ್ರಯೋಗದಲ್ಲಿ ಮಾತ್ರೆ ಗೆದ್ದಿತ್ತು. ಆಮೇಲೆ ಸ್ಟ್ಯಾಟಿನ್, ಸ್ಟೆಂಟ್ ಎಲ್ಲ ಬಂದು, ಮೀನೆಣ್ಣೆಗೆ ಮಾಡಲು ಉಳಿದ ಕೆಲಸವೇ ಕಡಿಮೆಯಾಯಿತು ಎಂಬುದು ಒಂದು ವಿವರಣೆ.

ಇತ್ತೀಚಿನ ಜಗಳ ಇನ್ನೂ ಸ್ವಾರಸ್ಯ. ಶುದ್ಧ ಇಪಿಎಯ ಔಷಧಿಯನ್ನು ದಿನಕ್ಕೆ 4 ಗ್ರಾಂ ಕೊಟ್ಟ ರಿಡ್ಯೂಸ್-ಇಟ್ ಪ್ರಯೋಗದಲ್ಲಿ, 2018ರಲ್ಲಿ, 8179 ಮಂದಿಯಲ್ಲಿ ಅವಘಡಗಳು ನೂರಕ್ಕೆ 25ರಷ್ಟು ಇಳಿದವು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ವರ್ಷದ ಮೇಲೆ ಸ್ಟ್ರೆಂತ್ ಪ್ರಯೋಗದಲ್ಲಿ ಇಪಿಎ, ಡಿಎಚ್‌ಎ ಎರಡೂ ಇರುವ 4 ಗ್ರಾಂ ಕೊಟ್ಟರೆ ಏನೂ ಇಲ್ಲ, ಮಧ್ಯದಲ್ಲೇ ನಿಲ್ಲಿಸಿದರು.

"ಒಂದೇ ಮೀನೆಣ್ಣೆ, ಎರಡು ಬಗೆಯ ಲೆಕ್ಕ ಹೇಗೆ?"

"ಎದುರಾಳಿ ಯಾರು ಅಂತ ನೋಡಿ. ಗೆದ್ದದ್ದರಲ್ಲಿ ಹೋಲಿಕೆಯ ಗುಂಪಿಗೆ ಕೊಟ್ಟದ್ದು ಮಿನರಲ್ ಆಯಿಲ್. ಅದನ್ನು ಕುಡಿದವರ ಕೆಟ್ಟ ಕೊಲೆಸ್ಟೆರಾಲೇ ಏರಿತ್ತು. ಸೋತದ್ದರಲ್ಲಿ ಜೋಳದ ಎಣ್ಣೆ. ಮೀನೆಣ್ಣೆ ಗೆದ್ದಿತೋ, ಮಿನರಲ್ ಆಯಿಲ್ ಸೋತಿತೋ ಅಂತ ಇವತ್ತಿಗೂ ವಾದ ನಡೀತಾ ಉಂಟು. ಇಪಿಎ ಒಂದೇ ಇದ್ದರೆ ಬೇರೆ ಅನ್ನುವವರೂ ಇದ್ದಾರೆ. ಎರಡೂ ಪ್ರಯೋಗದಲ್ಲಿ ಒಂದು ವಿಷಯ ಸಮ: ದೊಡ್ಡ ಪ್ರಮಾಣದಲ್ಲಿ ತೆಗೆದುಕೊಂಡವರಲ್ಲಿ ಕೆಲವರಿಗೆ ಹೃದಯದ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಶನ್ ಹೆಚ್ಚಾಗಿ ಕಂಡಿತು. ನಿಮ್ಮ ಹದಿಮೂರು ಮಾತ್ರೆ ಬೇಡ ಅಂದದ್ದು ಅದಕ್ಕೆ."

ಅಷ್ಟರಲ್ಲಿ ಮೀನು ಕೊಯ್ದು ಮುಗಿದಿತ್ತು. ಒಳಗೆ ಬ್ಯಾಡಗಿ ಮೆಣಸು, ಕೊತ್ತಂಬರಿ, ಚಿಟಿಕೆ ಮೆಂತೆ, ಓಮ ಅರೆದಿಟ್ಟಿದ್ದರು. ಹುಣಸೆಹುಳಿ ಹಾಕಿ ಪುಳಿಮುಂಚಿ. ಮಣ್ಣಿನ ಗಡಿಗೆ ಒಲೆಗೇರಿತು. ಇಬ್ಬರೂ ಜಗಲಿಗೆ ಬಂದರು.

"ಈ ಮೀನಿನ ಹುಚ್ಚು ಮೊದಲು ಹತ್ತಿಸಿದ್ದು ಯಾರು?"

ಗ್ರೀನ್‌ಲ್ಯಾಂಡ್. ಡೆನ್ಮಾರ್ಕಿನ ಹಾನ್ಸ್ ಓಲಾಫ್ ಬಾಂಗ್ ಮತ್ತು ಯೋರ್ನ್ ಡ್ಯೂರ್‌ಬರ್ಗ್ 1970ರಲ್ಲಿ ನಾಯಿ ಎಳೆಯುವ ಜಾರುಬಂಡಿಯಲ್ಲಿ ಉಮ್ಮನ್ನಾಕ್ ಪ್ರದೇಶ ಸುತ್ತಿ ಇನ್ಯೂಟ್ ಜನರ ರಕ್ತ ತೆಗೆದರು. ಸೀಲ್, ತಿಮಿಂಗಿಲ, ಮೀನಿನ ಕೊಬ್ಬೇ ಊಟ; ಆದರೆ ರಕ್ತದ ಕೊಬ್ಬು ಡೇನರಿಗಿಂತ ಕಡಿಮೆ. ಆಮೇಲೆ ರಕ್ತ ಬೇಗ ಹೆಪ್ಪುಗಟ್ಟದಿರುವುದಕ್ಕೂ ಇಪಿಎಗೂ ನಂಟು ಕಲ್ಪಿಸಿದರು. ಆಕ್ಸ್‌ಫರ್ಡಿನ ಹ್ಯೂ ಸಿಂಕ್ಲೇರ್ ಎಂಬ ವಿಜ್ಞಾನಿ ತಾವೇ ನೂರು ದಿನ ಬರೀ ಸೀಲ್, ಮೀನು ತಿಂದು ಬೆರಳು ಚುಚ್ಚಿಕೊಂಡು ನೋಡಿದರು. ಕೆಲವೇ ನಿಮಿಷದಲ್ಲಿ ನಿಲ್ಲುತ್ತಿದ್ದ ರಕ್ತ ಐವತ್ತು ನಿಮಿಷ ಕಳೆದರೂ ಜಿನುಗುತ್ತಿತ್ತು.

"ನಾನು ಆಸ್ಪಿರಿನ್ನೂ ನುಂಗ್ತೇನೆ!" ಎಂದು ಮಾವ ತಮ್ಮ ಹೆಬ್ಬೆರಳು ನೋಡಿಕೊಂಡರು. ಮೀನಿನ ಮುಳ್ಳು ತಾಗಿದಲ್ಲಿ ಸಣ್ಣ ಕೆಂಪು ಗೆರೆ ಇತ್ತು, ಒಣಗಿತ್ತು.

ಆದರೆ ಆ ಡೇನಿಷ್ ಜೋಡಿ ಅಲ್ಲಿ ಹೃದ್ರೋಗ ಎಷ್ಟಿದೆ ಎಂದು ತಾವೇ ಎಣಿಸಿರಲಿಲ್ಲ, ಸರಕಾರಿ ದಾಖಲೆ ನಂಬಿದ್ದರು. 2014ರಲ್ಲಿ ಕೆನಡಾದ ಜಾರ್ಜ್ ಫೋಡರ್ ಮತ್ತು ಜೊತೆಗಾರರು ಹಳೆಯ ಕಡತಗಳನ್ನೆಲ್ಲ ಕೆದಕಿ, ಇನ್ಯೂಟರಲ್ಲೂ ಹೃದ್ರೋಗ ಬೇರೆಯವರಷ್ಟೇ ಇತ್ತು ಎಂದು ಬರೆದರು. ಅದರ ಮರುವರ್ಷ ಬಂದ ಸುದ್ದಿ ಜೀನಿನ ಮಾತನ್ನೇ ತಲೆಕೆಳಗು ಮಾಡಿತು. ಗ್ರೀನ್‌ಲ್ಯಾಂಡಿನ ಇನ್ಯೂಟರಲ್ಲಿ ಫ್ಯಾಡ್ಸ್ ಎಂಬ ಜೀನುಗಳ ಗೊಂಚಲೇ ಬೇರೆ ಬಗೆ. ಅಲ್ಲಿ ಬಹುತೇಕ ಎಲ್ಲರಲ್ಲೂ ಇರುವ ಬದಲಾವಣೆ ಯುರೋಪಿಯನ್ನರಲ್ಲಿ ನೂರಕ್ಕೆ ಎರಡರಷ್ಟು ಜನಕ್ಕೆ ಮಾತ್ರ. ದೇಹದಲ್ಲಿ ಚಿಕ್ಕ ಕೊಬ್ಬಿನಾಮ್ಲವನ್ನು ಉದ್ದ ಮಾಡಿ ಇಪಿಎ, ಡಿಎಚ್‌ಎ ಕಟ್ಟುವ ಕಿಣ್ವದ ಜೀನುಗಳಿವು. ಸಾವಿರಾರು ವರ್ಷ ಸಿದ್ಧ ಒಮೆಗಾ-3 ಬಾಯಿಗೆ ಬಿದ್ದವರಲ್ಲಿ ಆ ಕಾರ್ಖಾನೆ ನಿಧಾನವಾಗಿದೆ. ಅವರಿಗೆ ಒಗ್ಗಿದ ಕೊಬ್ಬು ಬೇರೆಯವರಿಗೂ ಅಷ್ಟೇ ಒಗ್ಗಬೇಕೆಂದಿಲ್ಲ.

"ಇದು ನೀನು ಮೊದಲು ಹೇಳಿದ ಹಾಗಲ್ಲವಲ್ಲ? ಜೀನು ಇದ್ದ ಹಾಗೇ ಇರ್ತದೆ ಅಂದೆ."

"ನಿಮ್ಮ ಒಬ್ಬರ ಆಯುಷ್ಯದಲ್ಲಿ. ನೂರಾರು ತಲೆಮಾರಿನಲ್ಲಿ ಅಲ್ಲ. ಇದಕ್ಕೆ ನಮ್ಮ ಕಡೆಯ ಉದಾಹರಣೆಯೂ ಉಂಟು. ಕಾರ್ನೆಲ್‌ನವರು ಪುಣೆಯಲ್ಲಿ 234 ಮಂದಿಯನ್ನು ನೋಡಿದರು, ಹೆಚ್ಚಿನವರು ಸಸ್ಯಾಹಾರಿಗಳು. ಅದೇ ಫ್ಯಾಡ್ಸ್ ಜೀನಿನ ಚುರುಕು ಪ್ರತಿ ಅಪ್ಪ, ಅಮ್ಮ ಎರಡೂ ಕಡೆಯಿಂದ ಬಂದವರು ನೂರಕ್ಕೆ 68. ಅಮೆರಿಕದವರಲ್ಲಿ 18. ಮೀನು ಸಿಗದವರ ಮೈ ಅಗಸೆ, ಸೊಪ್ಪಿನ ಕೊಬ್ಬಿನಿಂದಲೇ ಆದಷ್ಟು ಕಟ್ಟಿಕೊಳ್ಳಲು ಕಲಿತಿದೆ. ಕಡಿಮೆಯೇ ಆಗ್ತದೆ, ಆದರೂ."

"ಪಕ್ಕದ ಮನೆ ಮೇಷ್ಟ್ರಿಗೆ ಹೇಳಬೇಕು. ಹುಬ್ಬಳ್ಳಿಯಿಂದ ಅವರಿಗೆ ಅಗಸೆ ಚಟ್ನಿಪುಡಿ ಬರ್ತದೆ."

"ಎಣ್ಣೆಯ ಮಾತೂ ಹೇಳಿ. ಅದೇ ಚುರುಕು ಕಿಣ್ವ ಸೂರ್ಯಕಾಂತಿ ಎಣ್ಣೆಯ ಒಮೆಗಾ-6 ಸಿಕ್ಕಿದರೆ ಅದನ್ನೂ ಅಷ್ಟೇ ಚುರುಕಾಗಿ ಅರಕಿಡೋನಿಕ್ ಆಮ್ಲ ಮಾಡ್ತದೆ. ಉರಿಯೂತದ ಕಚ್ಚಾ ಸಾಮಾನು ಅದು. ಆ ವಿಜ್ಞಾನಿಗಳೇ ಎಚ್ಚರಿಸಿದ್ದಾರೆ. ನಮ್ಮ ಅಡುಗೆಮನೆಗಳಿಗೆ ಆ ಎಣ್ಣೆಯ ಐದು ಲೀಟರ್ ಕ್ಯಾನು ಬಂದು ಎಷ್ಟು ವರ್ಷವಾಯಿತು ಹೇಳಿ?"

ಮಾವ ಮಾತಾಡಲಿಲ್ಲ. ಒಳಗಿನಿಂದ ಹುಳಿ ಕುದಿಯುವ ವಾಸನೆ ಬಂತು. ಸ್ವಲ್ಪ ಹೊತ್ತು ಬಿಟ್ಟು ಡಬ್ಬಿ ಎತ್ತಿ ಅಲ್ಲಾಡಿಸಿದರು. "ಇದನ್ನೇನು ಮಾಡುವುದು? ಮಗ ಪ್ರೀತಿಯಿಂದ ತಂದದ್ದು."

"ಸ್ಟ್ಯಾಟಿನ್ ಬಿಡಬೇಡಿ, ಬಿ.ಪಿ. ಮಾತ್ರೆ ಬಿಡಬೇಡಿ. ಇದು ನಿಮ್ಮ ಇಷ್ಟ. ಆ ಗಡಿಗೆಯಲ್ಲಿ ಇವತ್ತು ಬೇಯುತ್ತಿರುವುದರಲ್ಲಿ ನಿಮ್ಮ ಪಾಲಿಗೆ ಇದರ ಮೂರು ನಾಲ್ಕು ಮಾತ್ರೆಯಷ್ಟಾದರೂ ಬಂದೀತು. ಕರಿದು ತಿನ್ನದಿದ್ದರೆ ಇನ್ನೂ ವಾಸಿ."

ಅವರು ಬಟ್ಟಲಲ್ಲಿ ಉಳಿದಿದ್ದ ಎಣ್ಣೆಯನ್ನು ಮೂಸಿದರು. ಮುಖ ಬದಲಾಯಿತು. ಅಪ್ಪನ ಮರದ ದೋಣಿಗೆ ಮಳೆಗಾಲದ ಮೊದಲು ಬಳಿಯುತ್ತಿದ್ದ ಬೂತಾಯಿ ಎಣ್ಣೆಯದೇ ವಾಸನೆ, ಸ್ವಲ್ಪ ಪಳಗಿದ್ದು. ಆ ಎಣ್ಣೆ ಮರದ ಮೇಲೆ ಒಣಗಿ ಪೊರೆಯಾಗುತ್ತಿತ್ತು, ಉಪ್ಪುನೀರು ಒಳಗಿಳಿಯುತ್ತಿರಲಿಲ್ಲ.

"ತೆಂಗಿನೆಣ್ಣೆ ಹಾಗೆ ಒಣಗುವುದಿಲ್ಲ," ಎಂದಳು ಹುಡುಗಿ. "ಅದೇ ಜೋಡಿಬಂಧಗಳ ಕೆಲಸ. ಗಾಳಿ ತಾಗಿದರೆ ಒಂದಕ್ಕೊಂದು ಹೆಣೆದುಕೊಳ್ತವೆ. ಹಳೆಯ ಡಬ್ಬಿ ಕಮಟು ಹೊಡೆಯುವುದೂ ಅವುಗಳಿಂದಲೇ."

ಜಗಲಿಯ ಗೋಡೆಗೆ ಅಪ್ಪನ ಹುಟ್ಟು ಇನ್ನೂ ಒರಗಿಕೊಂಡಿತ್ತು, ಬಣ್ಣ ಹೋಗಿ ಬೂದಿಯಾದದ್ದು. ಮಾವ ಅದನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು, ಬಟ್ಟಲಿನ ಎಣ್ಣೆಯನ್ನು ಬೆರಳಲ್ಲಿ ಅದ್ದಿ ಹಿಡಿಕೆಗೆ ತಿಕ್ಕಿದರು. ನಾಲ್ಕು ಬೆರಳಿನಷ್ಟು ಮರ ಕಪ್ಪಗೆ ಮಿನುಗಿತು, ಅಷ್ಟಕ್ಕೇ ಎಣ್ಣೆ ಮುಗಿಯಿತು. ಅವರು ಕತ್ತರಿ ಕೇಳಿದರು.